ಮೈಕಿನ ಮುಂದೆ ಅತ್ತೆಯ ಕನ್ನಡ

ನಲವತ್ತು ದಾಟಿದ ಮೇಲೆ ಡಿಗ್ರಿಗೆ ಸೇರಿದವಳು ನಾನು. ಜ್ಞಾನದ ಹಸಿವು ಎಂದೆಲ್ಲ ಭಾವಿಸಬೇಡಿ. ಮಣಿಪಾಲದ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ನನಗೆ ಕೆಲಸ. ಪಿಯುಸಿಗೆ ಓದು ನಿಲ್ಲಿಸಿದವರಿಗೆ ಅಲ್ಲಿ ಒಂದು ಹಂತದ ಮೇಲೆ ಬಡ್ತಿ ಇಲ್ಲ. ಸಿಬ್ಬಂದಿ ಸಂಜೆಯ ತರಗತಿಗೆ ಸೇರಬಹುದು ಎಂದು ಸುತ್ತೋಲೆ ಬಂತು, ಸೇರಿದೆ. ಮುಖ್ಯ ವಿಷಯ ಸಮಾಜಶಾಸ್ತ್ರ. ಅದರ ಜೊತೆ ಮೈನರ್ ಎಂದು ಇನ್ನೊಂದು ವಿಷಯವನ್ನು ಆರಿಸಲೇಬೇಕಿತ್ತು. ಮನಶ್ಶಾಸ್ತ್ರದ ತರಗತಿ ಮುಗಿಯುವ ಹೊತ್ತಿಗೆ ಉಡುಪಿಯಿಂದ ಕಾಪುವಿಗೆ ಹೋಗುವ ನನ್ನ ಬಸ್ಸು ತಪ್ಪುತ್ತಿತ್ತು. ಭಾಷಾಶಾಸ್ತ್ರದ್ದು ಬೇಗ ಮುಗಿಯುತ್ತಿತ್ತು. ಹಾಗಾಗಿ ನಾನು ಭಾಷಾಶಾಸ್ತ್ರದ ವಿದ್ಯಾರ್ಥಿನಿಯಾದೆ.

ಕಾಪುವಿನ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡ ಮಸ್ಕತ್‌ನಲ್ಲಿ. ಮಕ್ಕಳಿಲ್ಲ, ಯಾಕೆ ಎಂದು ಕೇಳುವವರು ಇದನ್ನು ಇಲ್ಲಿಗೇ ನಿಲ್ಲಿಸಬಹುದು.

"ಎಂತ ಕಲಿಯುವುದು ನೀನು ಅಲ್ಲಿ?" ಎಂದು ಮೊದಲ ವಾರ ಅತ್ತೆ ಕೇಳಿದರು. ಅಂಗಳದ ಮೂಲೆಯಲ್ಲಿ ಕೂತು ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದರು.

"ಭಾಷೆ, ಮಾಮಿ." ನಮ್ಮಲ್ಲಿ ಅತ್ತೆಯನ್ನು ಹಾಗೆ ಕರೆಯುವುದು.

"ಯಾವ ಭಾಷೆ?"

"ಯಾವುದೂ ಅಲ್ಲ. ಭಾಷೆ ಅಂದರೆ ಎಂತ, ಅದು ಹೇಗೆ ಆಗುತ್ತದೆ ಅಂತ."

ಕತ್ತಿ ನಿಲ್ಲಿಸಿ ನನ್ನನ್ನು ನೋಡಿದರು. "ಅದಕ್ಕೆ ಫೀಸು ಬೇರೆ ಉಂಟಾ?"

ನಮ್ಮ ಮನೆಯ ಮಾತೆಲ್ಲ ತುಳು. ನಾನಿಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅರ್ಧ ಖಾರ ಅಲ್ಲೇ ಹೋಯಿತು, ಏನು ಮಾಡುವುದು. ಅತ್ತೆ ಹರೆಯದಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು, ಆಮೇಲೆ ಪೇಟೆಯಲ್ಲಿ ಕೂತು ಮಾರಿದವರು. ಅವರ ಸ್ವರ ಹೆದ್ದಾರಿಯ ಲಾರಿಗಳ ಮೇಲಿಂದ ಆಚೆ ಬದಿಗೆ ಕೇಳಿಸುತ್ತಿತ್ತು. ಒಂದೇ ಉಸಿರಿನಲ್ಲಿ ಒಬ್ಬರಿಗೆ ಬೈದು, ಇನ್ನೊಬ್ಬರ ಸೊಸೆಯ ಬಾಣಂತನ ವಿಚಾರಿಸಿ, ಮೂರನೆಯವರಿಗೆ ಮೀನು ಕಟ್ಟಿಕೊಡುವ ಬಾಯಿ ಅದು. ನಾನು ಕಾರ್ಕಳದವಳು. ನನ್ನ ತುಳು ಅವರ ಕಡಲ ತೀರದ ತುಳುವಿನ ಹಾಗಲ್ಲ. ಮದುವೆಯಾಗಿ ಬಂದ ದಿನದಿಂದ ಅವರಿಗೆ ಅದೊಂದು ತಮಾಷೆ. ನೆಂಟರೆದುರು, "ಇವಳದ್ದು ಕಾರ್ಕಳದ ಬಂಡೆಯ ಮೇಲೆ ಒಣಗಿಸಿದ ತುಳು. ನೀರು ಹಾಕಿದರೆ ಮಾತ್ರ ಮೆತ್ತಗಾಗುತ್ತದೆ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈಗ ಅದನ್ನೇ ಹುಡುಕುತ್ತೇನೆ.

ಅವರಿಗೆ ಕನ್ನಡ ಬರುತ್ತಿತ್ತು. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದರು. ಆದರೆ ಅದನ್ನು ಮನೆಯೊಳಗೆ ತೆಗೆಯುತ್ತಿರಲಿಲ್ಲ. ಬ್ಯಾಂಕಿನವರ ಹತ್ತಿರ, ಡಾಕ್ಟರ ಹತ್ತಿರ, ಕಾರಿನಲ್ಲಿ ಬಂದು ಮೀನು ಕೇಳುವ ಘಟ್ಟದ ಮೇಲಿನವರ ಹತ್ತಿರ ಮಾತ್ರ ಕನ್ನಡ. ಇದು ಅವರೊಬ್ಬರ ಕಥೆಯಲ್ಲ. ನಮ್ಮ ಕಡೆ ಯಾವುದೇ ಸಭೆಗೆ ಹೋಗಿ ನೋಡಿ: ವೇದಿಕೆಯ ಕೆಳಗೆ ತುಳುವಿನಲ್ಲಿ ಪಕ್ಕದವರ ಕಾಲೆಳೆಯುತ್ತಿದ್ದ ಮನುಷ್ಯ ಮೈಕಿನ ಎದುರು ನಿಂತ ಕೂಡಲೇ "ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ" ಎಂದು ಶುರು ಮಾಡುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಮೈಕು ಎಂದರೆ ಕನ್ನಡ.

ಎರಡನೇ ವರ್ಷದಲ್ಲಿ ಅತ್ತೆಯ ಸ್ವರ ಒಡೆಯಿತು. ಶೀತ ಎಂದುಕೊಂಡೆವು. ಕಾಳುಮೆಣಸಿನ ಕಷಾಯ ಆಯಿತು, ಉಪ್ಪು ಹಾಕಿದ ಬಿಸಿನೀರು ಆಯಿತು. ಮಳೆಗಾಲ ಮುಗಿದರೂ ಸ್ವರ ಮರಳಲಿಲ್ಲ. ಎಳೆಯ ಪ್ರಾಯದಿಂದ ಎಲೆಯಡಿಕೆ ಹೊಗೆಸೊಪ್ಪು ಹಾಕಿದವರು. ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ಜೀವಕ್ಕೆ ತೊಂದರೆಯಿಲ್ಲ, ಆದರೆ ಮಾತು ಹೋಗುತ್ತದೆ.

ಅತ್ತೆ ಸೆರಗು ಸರಿ ಮಾಡಿಕೊಂಡು ಕನ್ನಡದಲ್ಲಿ, "ಆಗಲಿ ಡಾಕ್ಟ್ರೇ. ತಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡಿ" ಎಂದರು.

ಉಡುಪಿಯ ಬಸ್‌ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ತುಳುವಿಗೆ ಮರಳಿದರು. "ಎಷ್ಟು ಮೀನಿನ ಗಂಟಲು ಕಡಿದೆ ನಾನು. ಈಗ ಆ ಡಾಕ್ಟರ ಹುಡುಗ ನನ್ನದು ಕಡಿಯುತ್ತಾನಂತೆ."

"ಹಾಗೆಲ್ಲ ಹೇಳಬೇಡಿ ಮಾಮಿ."

"ಇನ್ನು ಎಷ್ಟು ದಿನ ಹೇಳಲಿಕ್ಕುಂಟು? ಹೇಳುತ್ತೇನೆ, ಬಿಡು."

ಮನೆಗೆ ಬಂದು ಗಂಡನಿಗೆ ವಿಷಯ ತಿಳಿಸಿದೆ. ಅವರಿಗೆ ರಜೆ ಕೂಡಲೇ ಸಿಗುವ ಹಾಗಿರಲಿಲ್ಲ. ಕೊನೆಗೆ, "ಅಮ್ಮನ ಮಾತು ಸ್ವಲ್ಪ ರೆಕಾರ್ಡ್ ಮಾಡಿ ಇಡು. ನೀನು ಅದನ್ನೇ ಅಲ್ವಾ ಕಲಿಯುವುದು?" ಎಂದರು.

ವಾಟ್ಸಾಪಿನಲ್ಲಿ ಇರುವುದಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಹುಡುಕಿದೆ. ಅತ್ತೆಗೆ ಗುಂಡಿ ಒತ್ತಿ ಹಿಡಿದು ಮಾತಾಡುವುದು ಆಗಿಬರುತ್ತಿರಲಿಲ್ಲ, ಎದುರಿಗೆ ಉತ್ತರ ಬರಬೇಕು. ಮಗನ ಹತ್ತಿರ ಮಾತೆಲ್ಲ ವಿಡಿಯೋ ಕಾಲಿನಲ್ಲಿ, ಅದು ಎಲ್ಲಿಯೂ ಉಳಿಯುವುದಿಲ್ಲ. ಮದುವೆಯೊಂದರ ವಿಡಿಯೋದಲ್ಲಿ ಅವರ ಬಾಯಿ ಆಡುವುದು ಕಾಣಿಸುತ್ತದೆ, ಕೇಳಿಸುವುದು ಬ್ಯಾಂಡ್‌ಸೆಟ್ಟು. ಅಷ್ಟೇ.

ಆ ಸೆಮಿಸ್ಟರಿನಲ್ಲಿ ನಮಗೆ ಕ್ಷೇತ್ರಕಾರ್ಯವೂ ಇತ್ತು. ಒಬ್ಬರ ಸಹಜ ಮಾತನ್ನು ಧ್ವನಿಮುದ್ರಿಸಿ, ಧ್ವನಿಲಿಪಿಯಲ್ಲಿ ಬರೆದು, ಅದರ ಬಗ್ಗೆ ಒಂದು ವರದಿ ಕೊಡಬೇಕು. ನಮ್ಮ ಮೇಷ್ಟ್ರು ಶಿವಮೊಗ್ಗ ಕಡೆಯವರು, ನನಗಿಂತ ತುಂಬ ಚಿಕ್ಕವರು. ಕ್ಲಾಸಿನ ಮಕ್ಕಳೆಲ್ಲ ನನ್ನನ್ನು ಆಂಟಿ ಎಂದರೆ ಅವರು ಮೇಡಂ ಎನ್ನುತ್ತಿದ್ದರು. ವಿಷಯ ಹೇಳಿದಾಗ ವಿಭಾಗದ ಒಳ್ಳೆಯ ರೆಕಾರ್ಡರನ್ನೇ ಕೊಟ್ಟರು. ಹೇಗೆ ಇಡಬೇಕು, ಫ್ಯಾನ್ ಆರಿಸಬೇಕು, ಕೆಳಗೆ ಬಟ್ಟೆ ಹಾಕಬೇಕು, ಮೊದಲು ದಿನಾಂಕ ಸ್ಥಳ ಹೆಸರು ಹೇಳಬೇಕು ಎಂದೆಲ್ಲ ವಿವರಿಸಿದರು.

ಎಲ್ಲವನ್ನೂ ಹಾಗೆಯೇ ಮಾಡಿದೆ. ಹೆದ್ದಾರಿಯ ಸದ್ದು ಬಾರದ ಹಾಗೆ ಕಿಟಕಿ ಹಾಕಿದೆ. ಮೇಜಿನ ಮೇಲೆ ಟವೆಲು ಮಡಚಿ ರೆಕಾರ್ಡರ್ ಇಟ್ಟೆ. ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿ, ತಲೆ ಬಾಚಿ ಬಂದರು. ಯಾವಾಗಲೂ ಮೆಟ್ಟಿಲ ಮೇಲೆ ಕೂತು ಮಾತಾಡುವವರು ಅಂದು ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತರು. ಕೆಂಪು ದೀಪ ಹತ್ತಿತು. ನಾನು ದಿನಾಂಕ ಮತ್ತು ಸ್ಥಳ ಹೇಳಿ, ಹೆಸರು ಊರು ತಿಳಿಸಬೇಕೆಂದು ಅವರನ್ನು ಕೇಳಿಕೊಂಡೆ.

"ಎಲ್ಲರಿಗೂ ನನ್ನ ನಮಸ್ಕಾರಗಳು," ಎಂದರು ಅತ್ತೆ, ಕನ್ನಡದಲ್ಲಿ. "ನಾನು ಕಾಪುವಿನ ನಿವಾಸಿಯಾಗಿರುತ್ತೇನೆ. ನನ್ನ ಯಜಮಾನರು ತೀರಿಕೊಂಡಿರುತ್ತಾರೆ. ನನಗೆ ಒಬ್ಬನೇ ಮಗ. ಅವನು ವಿದೇಶದಲ್ಲಿ ಉದ್ಯೋಗದಲ್ಲಿರುತ್ತಾನೆ. ನಾವು ಮೀನಿನ ವ್ಯಾಪಾರವನ್ನು ಮಾಡಿಕೊಂಡು ಬಂದವರು."

ಒಡೆದ ಸ್ವರದಲ್ಲಿ ಒಂದೊಂದೇ ಶಬ್ದವನ್ನು ತೊಳೆದು ಇಟ್ಟ ಹಾಗೆ ಹೇಳುತ್ತಿದ್ದರು. ಆ ಹೆಂಗಸು ಯಾರೆಂದು ನನಗೇ ಗೊತ್ತಾಗಲಿಲ್ಲ.

"ಮಾಮಿ, ತುಳುವಿನಲ್ಲಿ ಮಾತಾಡಿ. ನಾವು ಯಾವಾಗಲೂ ಮಾತಾಡುವ ಹಾಗೆ."

ಅಂಗೈಯಿಂದ ರೆಕಾರ್ಡರನ್ನು ಮುಚ್ಚಿದರು. "ಅದನ್ನು ಬಂದ್ ಮಾಡು ಮೊದಲು."

ಬಂದ್ ಮಾಡಿದೆ.

"ಇದನ್ನು ನಿನ್ನ ಮಾಸ್ಟ್ರು ಕೇಳುವುದಲ್ವಾ? ಮಸ್ಕತ್ತಿನಲ್ಲಿ ಅವನ ರೂಮಿನವರೆಲ್ಲ ಕೇಳುತ್ತಾರೆ. ಅವರ ಎದುರು ನಾನು ಪೇಟೆಯಲ್ಲಿ ಕೂತು ಬಾಯಿ ಮಾಡುವ ಹಾಗೆ ಮಾತಾಡುವುದಾ?"

"ಅವರಿಗೆ ಬೇಕಾದದ್ದೇ ಅದು, ಮಾಮಿ. ನಿಮ್ಮ ಮಗನಿಗೂ ಅದೇ ಬೇಕು."

"ಅವನಿಗೆ ನನ್ನ ಬಾಯಿ ಗೊತ್ತುಂಟು. ಬೈಗುಳ ತಿಂದು ದೊಡ್ಡವನಾದದ್ದು." ರೆಕಾರ್ಡರಿನ ಕಡೆ ಕೈ ತೋರಿಸಿ ಹೇಳಿದರು: "ನೋಡು ಮಗಾ, ಇನ್ನು ಇದರ ಮೇಲೆ ಬೇರೆ ಬರಲಿಕ್ಕಿಲ್ಲ. ಉಳಿಯುವುದು ಇದೊಂದೇ. ಅದಾದರೂ ಚಂದದಲ್ಲಿ ಇರಲಿ."

ನಾನು ಮತ್ತೆ ಗುಂಡಿ ಒತ್ತಿದೆ.

ಮಾರನೆಯ ದಿನ ಮೇಷ್ಟ್ರಿಗೆ ಕೇಳಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಮಾತನ್ನು ಗಮನಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಮನುಷ್ಯರು ಮಾತು ಬದಲಿಸುತ್ತಾರೆ, ಭಾಷಾಶಾಸ್ತ್ರದಲ್ಲಿ ಇದು ಹಳೆಯ ತಲೆನೋವು ಎಂದರು. ಆಮೇಲೆ ಮೆಲ್ಲಗೆ, "ಆದ್ರೆ ಮೇಡಂ, ಕನ್ನಡದಲ್ಲಿ ಮೊದಲು ಶುರು ಮಾಡಿದ್ದು ನೀವೇ ಅಲ್ವಾ?" ಎಂದರು.

ಮತ್ತೆ ಕೇಳಿದೆ. ಹೌದು. ದಿನಾಂಕ, ಸ್ಥಳ, "ದಯವಿಟ್ಟು ತಮ್ಮ ಪರಿಚಯ ಮಾಡಿಕೊಳ್ಳಿ." ಬಸ್‌ ಸ್ಟ್ಯಾಂಡಿನ ಪ್ರಕಟಣೆಯ ಹಾಗಿತ್ತು ನನ್ನ ಸ್ವರ. ಮದುವೆಯಾದ ಲಾಗಾಯ್ತು ಅತ್ತೆಯ ಹತ್ತಿರ ನಾನು ಆಡಿದ ಮೊದಲ ಕನ್ನಡ ವಾಕ್ಯ ಅದು. ಕೆಂಪು ದೀಪ ಕಂಡಾಗ ನನಗೂ ಅದೇ ಬಂದದ್ದು. ನಮ್ಮವರು ಮಾತ್ರ ಮಾಡಬಹುದಾದ ತಪ್ಪು.

"ಗೊತ್ತಿಲ್ಲದ ಹಾಗೆ ರೆಕಾರ್ಡ್ ಮಾಡಿದರೆ?" ಎಂದು ಕೇಳಿದೆ.

"ಅದು ಬೇಡ ಮೇಡಂ. ಅವರು ಒಪ್ಪಲೇಬೇಕು. ಅವರಿಗೆ ತುಂಬ ಹತ್ತಿರದವರನ್ನು ಎದುರು ಕೂರಿಸಿ ನೋಡಿ. ಮಾತಿಗೆ ಬಿದ್ದರೆ ಮಷಿನ್ ಇರೋದೇ ಮರೆತುಹೋಗುತ್ತೆ."

ಅತ್ತೆಯ ಒಪ್ಪಿಗೆ ಕೇಳಿಯೂ ನೋಡಿದೆ. ಒಂದು ದಿನವಿಡೀ ಮನೆಯಲ್ಲಿ ಎಲ್ಲಾದರೂ ಒಂದು ಕಡೆ ಇಟ್ಟುಬಿಡುತ್ತೇನೆ, ಎಲ್ಲಿದೆ ಎಂದು ಹೇಳುವುದಿಲ್ಲ, ಆಗಬಹುದಾ ಎಂದೆ.

"ಅಡಗಿ ಕೂತು ಕೇಳುವುದಾ? ಅದನ್ನೂ ಕಲಿಸುತ್ತಾರಾ ನಿನ್ನ ಕಾಲೇಜಿನಲ್ಲಿ?" ಎಂದರು. ಅಲ್ಲಿಗೆ ಅದು ಮುಗಿಯಿತು.

ಪಕ್ಕದ ಎರ್ಮಾಳಿನಲ್ಲಿ ಅತ್ತೆಯ ಹಳೆಯ ಜೊತೆಗಾತಿ ಒಬ್ಬರಿದ್ದರು. ಇಬ್ಬರೂ ಅಕ್ಕಪಕ್ಕ ಕೂತು ಮೀನು ಮಾರಿದವರು, ಗಿರಾಕಿಗಾಗಿ ಜಡೆ ಹಿಡಿದು ಜಗಳವಾಡಿದವರು, ಒಬ್ಬರ ಮಗುವಿಗೆ ಇನ್ನೊಬ್ಬರು ಹಾಲು ಕೊಟ್ಟವರು. ರಿಕ್ಷಾದಲ್ಲಿ ಅವರನ್ನು ಕರೆಸಿದೆ. ಅವರು ಅಂಗಳಕ್ಕೆ ಕಾಲಿಡುತ್ತಲೇ ಶುರುವಾಯಿತು.

"ಬಾಯಿ ಹೋಗುತ್ತದಂತಲ್ಲ ನಿನ್ನದು? ಇಡೀ ಕಾಪುವಿಗೆ ನಿದ್ದೆ ಬರುತ್ತದೆ ಇನ್ನು."

"ನನ್ನದು ಹೋದರೆ ನಿನ್ನದು ಉಂಟಲ್ಲ ಮಾರಾಯ್ತಿ, ಕಾಗೆ ಓಡಿಸಲಿಕ್ಕೆ."

ನಾನು ಓಡಿಹೋಗಿ ರೆಕಾರ್ಡರ್ ತಂದು ಇಬ್ಬರ ನಡುವೆ ಮೆಟ್ಟಿಲ ಮೇಲಿಟ್ಟೆ. ಈ ಬಾರಿ ತುಳುವಿನಲ್ಲೇ ಹೇಳಿದೆ, ಹೀಗೆಯೇ ಮಾತಾಡಿ, ನಾನು ಒಳಗಿರುತ್ತೇನೆ ಎಂದು. ಕೆಂಪು ದೀಪ ಹತ್ತಿತು. ಎರ್ಮಾಳಿನವರು ಕಾಲು ಒಳಗೆ ಎಳೆದುಕೊಂಡರು. ಅತ್ತೆ ಗಂಟಲು ಸರಿಮಾಡಿಕೊಂಡರು.

"ತಾವು ಕ್ಷೇಮವೇ?" ಎಂದು ಕನ್ನಡದಲ್ಲಿ ಕೇಳಿದರು.

"ದೇವರ ದಯೆಯಿಂದ ಕ್ಷೇಮವಾಗಿದ್ದೇನೆ. ತಮ್ಮ ಆರೋಗ್ಯ ಹೇಗಿದೆ?" ಎಂದರು ಎರ್ಮಾಳಿನವರು.

ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ, ಸಿಂಕಿನ ಅಂಚು ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ರೆಕಾರ್ಡರ್ ಎತ್ತಿಕೊಂಡೆ. ಅದು ಆರಿದ್ದೇ ತಡ, ಬೂತಾಯಿ ಮೀನಿನ ಬುಟ್ಟಿ ಮಗುಚಿದ್ದು ಯಾರು ಎಂಬ ಹಳೆಯ ಜಗಳ ಎದ್ದಿತು. ಅತ್ತೆಯ ಸ್ವರ ಅಲ್ಲಲ್ಲಿ ಬರಿಯ ಗಾಳಿಯಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಎರ್ಮಾಳಿನವರು ಕಣ್ಣೊರೆಸಿಕೊಂಡು ಬೈಯುತ್ತಿದ್ದರು. ಇಡೀ ಮಧ್ಯಾಹ್ನ ಕೂತು ಕೇಳಿದೆ. ರೆಕಾರ್ಡರ್ ನನ್ನ ಮಡಿಲಲ್ಲಿತ್ತು, ಆರಿಸಿದ್ದು.

ಆಸ್ಪತ್ರೆಗೆ ಸೇರುವ ಮುಂಚಿನ ಭಾನುವಾರ ಕಾರ್ಕಳದ ನನ್ನ ತಮ್ಮನ ಮನೆಗೆ ಹೋಗೋಣ ಎಂದು ಅವರೇ ಹೊರಟರು. ಅಲ್ಲಿ ಉಂಡು ಬರುವಾಗ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ದಾರಿಯುದ್ದಕ್ಕೂ ಮಾತಾಡಿದರು. ನನ್ನ ತಮ್ಮನ ಹೆಂಡತಿ ಮಾಡಿದ ಮೀನು ಸಾರಿನ ಬಗ್ಗೆ ವರದಿ ಕೊಟ್ಟರು. "ಮೀನು ಕಾರ್ಕಳಕ್ಕೆ ಬರುವಾಗ ಅದಕ್ಕೆ ಪ್ರಾಯ ಆಗಿರುತ್ತದೆ. ಅವಳನ್ನು ಹೇಳಿ ಏನು ಫಲ?" ಎಂದರು. ಮುಂದಿನ ಸೀಟಿನವರು ತಿರುಗಿ ನಕ್ಕರು. ಸ್ವರ ಗಾಳಿಯಾದಾಗ ಕೇಳಿಸಿಕೊಳ್ಳಲು ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಗಿತ್ತು. ಕೆಲವು ಮಾತು ಇಂಜಿನ್ ಸದ್ದಿಗೆ ಹೋಯಿತು. ಮತ್ತೊಮ್ಮೆ ಹೇಳಿ ಎನ್ನಲಿಲ್ಲ, ಸ್ವರ ಖರ್ಚಾಗುತ್ತದೆ ಎಂದು ಹೆದರಿಕೆ. ಹೇಗೆ ಯೋಚಿಸುತ್ತಿದ್ದೆ ನೋಡಿ.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಅವರೇ ಕೇಳಿದರು, "ಆ ಮಷಿನ್ ಉಂಟಾ? ತೆಗೆ. ಅವನಿಗೆ ಎರಡು ಮಾತು ಹೇಳುತ್ತೇನೆ."

ಗುಂಡಿ ಒತ್ತಿ ಅವರ ಕೈಗೆ ಕೊಟ್ಟೆ. ಮಗನಿಗಲ್ಲವೇ, ತುಳುವಿನಲ್ಲೇ ಹೇಳುತ್ತಾರೆ ಎಂದುಕೊಂಡೆ. ನಾನು ತುಟಿ ಬಿಚ್ಚಲಿಲ್ಲ. ದಿನಾಂಕವನ್ನೂ ಹೇಳಲಿಲ್ಲ.

"ಚಿರಂಜೀವಿ ಮಗನಿಗೆ ತಾಯಿಯ ಆಶೀರ್ವಾದಗಳು. ಇತ್ತ ಕಡೆ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರುವುದು. ಆರೋಗ್ಯದ ಕಡೆ ಗಮನ ಕೊಡುವುದು. ಚಿಂತೆ ಮಾಡಬಾರದು."

ಮಗ ಮುಂಬಯಿಯ ಹೋಟೆಲಿನಲ್ಲಿದ್ದ ಕಾಲದಲ್ಲಿ, ಫೋನಿಲ್ಲದಾಗ, ನೆರೆಮನೆಯವರ ಕೈಯಲ್ಲಿ ಬರೆಸುತ್ತಿದ್ದ ಕಾಗದದ ಮಾತು ಅದು. ಅಕ್ಷರ ಬಿಡದೆ ನೆನಪಿತ್ತು. ಪಕ್ಕದ ಮಂಚದಲ್ಲಿ ಶಿರ್ವ ಕಡೆಯ ಕೊಂಕಣಿ ಮಾತಾಡುವ ಹೆಂಗಸೊಬ್ಬರಿದ್ದರು. "ಎಷ್ಟು ಚಂದ ಮಾತಾಡಿದ್ರಿ ಅಮ್ಮ" ಎಂದರು. ಅತ್ತೆಯ ಮುಖ ಅರಳಿತು. ರೆಕಾರ್ಡರನ್ನು ನನ್ನ ಕೈಗೆ ಕೊಟ್ಟು, "ಇದನ್ನು ಹಾಳು ಮಾಡಬೇಡ" ಎಂದರು. ಇದು ತುಳುವಿನಲ್ಲಿ, ದೀಪ ಆರಿದ ಮೇಲೆ.

ಅವರು ಬದುಕಿದರು. ಕತ್ತಿನಲ್ಲಿ ಒಂದು ತೂತು, ಉಸಿರು ಅದರಲ್ಲಿ. ಬಾಯಿ ಆಡಿದರೂ ಸ್ವರವಿಲ್ಲ. ಗದ್ದದ ಕೆಳಗೆ ಹಿಡಿದರೆ ಮಾತು ಬರುವ ಒಂದು ಯಂತ್ರವನ್ನು ಆಸ್ಪತ್ರೆಯಲ್ಲಿ ಕೊಟ್ಟು ಕಲಿಸಿದರು. ಜೀರುಂಡೆ ಮಾತಾಡಿದ ಹಾಗೆ ಕೇಳುತ್ತಿತ್ತು. ಎರಡು ದಿನ ಪ್ರಯತ್ನಿಸಿ ಅದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದರು. ತುಟಿ ನೋಡಿ ತಿಳಿದುಕೊಳ್ಳಲು ನಾನು ಪ್ರಯತ್ನಿಸಿದೆ. ಪ, ಬ, ಮ ತುಟಿಯಲ್ಲಿ ಹುಟ್ಟುತ್ತವೆ, ಕಾಣುತ್ತವೆ; ಕ, ಗ ಒಳಗೆಲ್ಲೋ ಹುಟ್ಟುತ್ತವೆ, ಕಾಣುವುದಿಲ್ಲ. ಮೈನರಿನ ಮೊದಲ ಪಾಠ. ಪ, ಬ, ಮ ಒಂದನ್ನೊಂದು ಬೇರೆ ಮಾಡಲಿಕ್ಕೂ ಆಗಲಿಲ್ಲ. ನಾನು ತಪ್ಪು ತಪ್ಪು ಊಹಿಸಿದಾಗ ಅವರು ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗುತ್ತಿದ್ದರು.

ನನ್ನ ವರದಿಗೆ ಒಳ್ಳೆಯ ಅಂಕ ಬಂತು. ಮೈಕಿನ ಎದುರು ತುಳುವರು ಭಾಷೆ ಬದಲಿಸುವ ಬಗ್ಗೆ ಬರೆದೆ, ಬೇರೆ ಸಾಮಗ್ರಿ ಇರಲಿಲ್ಲವಲ್ಲ. ತುಂಬ ಚೆನ್ನಾಗಿದೆ ಮೇಡಂ ಎಂದರು ಮೇಷ್ಟ್ರು. ಬಡ್ತಿಯೂ ಸಿಗಬಹುದು.

ಧ್ವನಿಮುದ್ರಿಕೆಗಳನ್ನೆಲ್ಲ ಗಂಡನಿಗೆ ಕಳಿಸಿದ್ದೆ. ಅವರು ಕೇಳಿ ಫೋನು ಮಾಡಿದರು.

"ಬೇರೆ ಇಲ್ವಾ?"

"ಇಲ್ಲ."

"ನಿನಗೆ ಬೈದದ್ದು? ಬೆಕ್ಕಿಗೆ ಬೈದದ್ದಾದರೂ?"

"ಇಲ್ಲ."

"ಇದು ಯಾರೋ ಟೀಚರ್ ಮಾತಾಡಿದ ಹಾಗೆ ಉಂಟು ಮಾರಾಯ್ತಿ." ಮತ್ತೆ, "ಇರಲಿ. ನೀನು ಎಂತ ಮಾಡ್ತಿ" ಎಂದರು.

ಪೇಟೆಯಿಂದ ಅತ್ತೆಗೆ ಒಂದು ಸ್ಲೇಟು ತಂದುಕೊಟ್ಟೆ. ನಾಲ್ಕನೇ ಕ್ಲಾಸಿನ ಅಕ್ಷರಗಳು ಮೊದಲು ಮೊಂಡುತನ ಮಾಡಿದವು, ಆಮೇಲೆ ಒಂದೊಂದಾಗಿ ಮರಳಿದವು. ದೊಡ್ಡ ದೊಡ್ಡದಾಗಿ ಬರೆಯುತ್ತಿದ್ದರು: "ನೀರು ಬೇಕು." "ಬಾಗಿಲು ಹಾಕು." "ಸಾರಿಗೆ ಉಪ್ಪು ಕಡಿಮೆ." ಎಲ್ಲ ಕನ್ನಡ. ತುಳುವಿನಲ್ಲೇ ಬರೆಯಿರಿ ಮಾಮಿ, ಅಕ್ಷರ ಇದೇ ಸಾಕು ಎಂದೆ. ಈಗಿನ ಮಕ್ಕಳು ಫೋನಿನಲ್ಲಿ ಹಾಗೆಯೇ ಬರೆಯುತ್ತಾರೆ ಎಂದೂ ತೋರಿಸಿದೆ. ಅವರು ನನ್ನನ್ನು ಬುದ್ಧಿ ಕೆಟ್ಟವಳನ್ನು ನೋಡುವ ಹಾಗೆ ನೋಡಿ, "ತುಳು ಮಾತಾಡುವುದು. ಬರೆಯುವುದಲ್ಲ" ಎಂದು ಬರೆದರು. ಅದೂ ಕನ್ನಡದಲ್ಲಿ.

ಹೀಗೆ ನಮ್ಮ ಮನೆಯಲ್ಲಿ ಅತ್ತೆಯ ಮಾತು ಕನ್ನಡವಾಯಿತು. ಸ್ಲೇಟಿನಲ್ಲಿ ತಮಾಷೆ ಬರುವುದಿಲ್ಲ. ನನ್ನ ಕಾರ್ಕಳದ ತುಳುವನ್ನು ಯಾರೂ ಅಣಕಿಸುವುದಿಲ್ಲ. ಬರೆದು ಮುಗಿಯುವಷ್ಟರಲ್ಲಿ ಬೈಗುಳ ಆರಿಹೋಗುತ್ತದೆ, ಅದಕ್ಕೇ ಇರಬೇಕು, ಬೈಯುವುದನ್ನೇ ಬಿಟ್ಟಿದ್ದಾರೆ.

ಹೋದ ಶುಕ್ರವಾರ ಮಸ್ಕತ್ತಿನಿಂದ ವಿಡಿಯೋ ಕಾಲ್ ಬಂತು. ನಾನು ಫೋನು ಹಿಡಿದೆ. ಅತ್ತೆ ಬರೆದು ಸ್ಲೇಟನ್ನು ಫೋನಿನ ಎದುರು ಎತ್ತಿದರು: "ಊಟ ಮಾಡಿದೆಯಾ?"

ಗಂಡ ಮುಖ ಹತ್ತಿರ ತಂದು ಓದಿದರು. "ಮಾಡಿದೆ ಅಮ್ಮ," ಎಂದರು, ಕನ್ನಡದಲ್ಲಿ. "ನೀವು ಮಾಡಿದಿರಾ?"

ಹುಟ್ಟಿದ ಲಾಗಾಯ್ತು ಈ ತಾಯಿ ಮಗ ಕನ್ನಡದಲ್ಲಿ ಮಾತಾಡಿದ್ದಿಲ್ಲ. ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಅತ್ತೆ ತಲೆಯಾಡಿಸಿ, ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದರು. ಅದು ಒಣಗುವವರೆಗೆ ಕಾದು, ಮುಂದಿನದನ್ನು ಬರೆಯಲು ಶುರು ಮಾಡಿದರು. ಗಂಡನೂ ಅಲ್ಲಿ ಕಾಯುತ್ತಿದ್ದರು. ನನ್ನ ಕೈ ಸೋತಿತ್ತು, ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.